ಚನ್ನಬಸವ ಪಟ್ಟದ್ದೇವರು ಮತ್ತು ಲೋಕಸೇವೆಯ ಶುದ್ಧಿ

ವಿಕಾರಾಬಾದಿನಿಂದ ಹೊರಟು ಬೀದರ, ಭಾಲ್ಕಿಗಳನ್ನು ಹಾದು ಉದಗೀರದತ್ತ ಸಾಗುವ ರೈಲುದಾರಿಯ ಮೇಲೆ ಕಮಲನಗರವೆಂಬ ಊರಿದೆ. ಊರಿನಾಚೆ ಮಹಾರಾಷ್ಟ್ರದ ಸೀಮೆ ದೂರವಿಲ್ಲ. ಸಂತೆಯ ದಿನ ಅಲ್ಲಿ ನಿಂತು ಕಿವಿಗೊಟ್ಟರೆ ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಅಂಗಡಿಯ ಮುಂದೆ ಕೇಳಿಬರುತ್ತವೆ. ಜೋಳ, ತೊಗರಿ, ಉದ್ದು, ಹೆಸರು ಬೆಳೆಯುವ ಈ ಒಣಬೇಸಾಯದ ನೆಲದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಜನಿಸಿ, ನೂರು ವರ್ಷಗಳನ್ನು ಮೀರಿ ಬಾಳಿ, 1999ರಲ್ಲಿ ಲಿಂಗೈಕ್ಯರಾದವರು ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಶಾಲೆಯನ್ನು ಕಟ್ಟಿದವರೆಂದು, ಬಸವಕಲ್ಯಾಣದಲ್ಲಿ ಅನುಭವ ಮಂಟಪವನ್ನು ಎತ್ತಿ ನಿಲ್ಲಿಸಿದವರೆಂದು ನಾಡು ಅವರನ್ನು ನೆನೆಯುತ್ತದೆ.

ಒಬ್ಬ ವ್ಯಕ್ತಿ ಒಂದು ದಿನ ಲೋಕಕ್ಕಾಗಿ ದುಡಿಯುವುದು ಕಷ್ಟವಲ್ಲ. ಉತ್ಸಾಹವೊಂದಿದ್ದರೆ ಅದು ಸಾಧ್ಯ. ಒಂದು ವರ್ಷ ದುಡಿಯುವುದಕ್ಕೆ ಛಲ ಬೇಕು. ಮುಕ್ಕಾಲು ಶತಮಾನದ ಉದ್ದಕ್ಕೂ, ಪ್ರತಿಕೂಲ ರಾಜ್ಯದಲ್ಲಿಯೂ ಅನುಕೂಲ ರಾಜ್ಯದಲ್ಲಿಯೂ, ಕೈಯಲ್ಲಿ ಏನೂ ಇಲ್ಲದಾಗಲೂ ಕಾಣಿಕೆಗಳು ಹರಿದುಬಂದಾಗಲೂ ಒಂದೇ ರೀತಿಯಲ್ಲಿ ದುಡಿಯಬೇಕಾದರೆ ಉತ್ಸಾಹವೂ ಛಲವೂ ಸಾಲವು. ಅವುಗಳ ಕೆಳಗೆ ಯಾವುದೋ ಮೌಲ್ಯದ ತಳಹದಿ ಇರಲೇಬೇಕು. ಆ ತಳಹದಿ ಯಾವುದು, ಅದು ಎಲ್ಲಿಂದ ಬಂದಿತು, ಮಠದ ಹೊರಗಿನ ಸಾಮಾನ್ಯ ಗೃಹಸ್ಥನಿಗೆ, ಸರಕಾರದ ನೌಕರನಿಗೆ, ಶಾಲೆಯ ಶಿಕ್ಷಕನಿಗೆ ಅದು ಎಟುಕುವಂಥದೇ ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಶರಣರ ಅಳತೆಗೋಲು

ಲೋಕಸೇವೆಯ ಶುದ್ಧಿಯನ್ನು ಅಳೆಯುವ ಕೋಲು ಈ ಜಿಲ್ಲೆಗೆ ಹೊರಗಿನಿಂದ ಬರಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣ ಪಟ್ಟಣವೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಅಲ್ಲಿ ಕಳಚುರಿ ಬಿಜ್ಜಳನ ಭಂಡಾರವನ್ನು ನೋಡಿಕೊಂಡ ಬಸವಣ್ಣನವರು ಇಂದಿನ ಮಾತಿನಲ್ಲಿ ಹೇಳುವುದಾದರೆ ಸಾರ್ವಜನಿಕ ಸೇವಕರು. ಮೊದಲು ಕರಣಿಕರಾಗಿ ಲೆಕ್ಕ ಬರೆದು, ಅನಂತರ ಭಂಡಾರದ ಹೊಣೆ ಹೊತ್ತರೆಂದು ಸಂಪ್ರದಾಯ ಹೇಳುತ್ತದೆ. ಅವರ ಐತಿಹಾಸಿಕತೆಗೆ ಬೆಂಬಲವಾಗಿ 1260ರ ಅರ್ಜುನವಾಡ ಶಾಸನವನ್ನು ವಿದ್ವಾಂಸರು ಎತ್ತಿ ತೋರಿಸುತ್ತಾರೆ. ಶಾಸನಕ್ಕಿಂತ ವಿಸ್ತಾರವಾಗಿ ಅವರ ಬಾಳನ್ನು ಹೇಳುವವು ಹರಿಹರನ ರಗಳೆ, ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ ಮತ್ತು ಅದನ್ನು ಕನ್ನಡಕ್ಕೆ ತಂದ ಭೀಮಕವಿಯ ಕೃತಿ.

ಈ ಪರಂಪರೆಯಲ್ಲಿ ಮತ್ತೆ ಮತ್ತೆ ಬರುವ ಪ್ರಸಂಗವೊಂದಿದೆ. ಭಂಡಾರದ ಹೊನ್ನನ್ನು ಬಸವಣ್ಣನವರು ಜಂಗಮರಿಗೆ ಸವೆಸುತ್ತಿದ್ದಾರೆಂದು ಅಸೂಯೆಪಟ್ಟವರು ಅರಸನ ಕಿವಿ ಊದುತ್ತಾರೆ. ಅರಸ ಲೆಕ್ಕ ಕೇಳುತ್ತಾನೆ. ಭಂಡಾರವನ್ನು ತೆರೆದು ಎಣಿಸಿದಾಗ ಒಂದು ಹೊನ್ನೂ ಕೊರತೆ ಬೀಳುವುದಿಲ್ಲ. ಪುರಾಣಕಾರರು ಇದನ್ನು ಪವಾಡವೆಂದು ವರ್ಣಿಸಿದರು. ಪವಾಡದ ಹೊದಿಕೆಯನ್ನು ಸರಿಸಿ ನೋಡಿದರೆ ಉಳಿಯುವ ಸಂಗತಿ ಇನ್ನೂ ಗಟ್ಟಿಯಾದದ್ದು: ಲೆಕ್ಕ ಕೇಳಿದಾಗ ಬಸವಣ್ಣನವರು ಸಿಡುಕಲಿಲ್ಲ, ತಮ್ಮ ಭಕ್ತಿಯನ್ನು ಮುಂದೊಡ್ಡಿ ತಪ್ಪಿಸಿಕೊಳ್ಳಲಿಲ್ಲ; ಬೀಗದ ಕೈ ಕೊಟ್ಟು ಎಣಿಸಲು ಬಿಟ್ಟರು. ಧರ್ಮಕಾರ್ಯ ಮಾಡುವವನಿಗೆ ಲೆಕ್ಕ ಕೇಳಬಾರದೆಂಬ ಭಾವನೆ ಎಲ್ಲ ಕಾಲದಲ್ಲಿಯೂ ಇರುವಂಥದು. ಕಲ್ಯಾಣದ ಭಂಡಾರಿಯ ಕಥೆ ಆ ಭಾವನೆಗೆ ಅಲ್ಲಿಯೇ ಉತ್ತರವನ್ನು ಕೊಟ್ಟಿದೆ. ಅರಸನ ಸೇವೆ ತನ್ನ ಒಡಲಿಗಾಗಿ ಅಲ್ಲವೆಂದೂ ನಾಳೆಗೆಂದು ಏನನ್ನೂ ಕೂಡಿಡುವುದಿಲ್ಲವೆಂದೂ ಬಸವಣ್ಣನವರು ವಚನಗಳಲ್ಲಿ ಆಣೆಯಿಟ್ಟು ಹೇಳಿರುವುದು ಈ ಹಿನ್ನೆಲೆಯಲ್ಲಿ ಹೆಚ್ಚು ಅರ್ಥಪೂರ್ಣವಾಗುತ್ತದೆ.

ಭಂಡಾರಿಯ ಮಾತು ಹೀಗಾದರೆ, ಅಕ್ಕಿ ಆಯುವವರ ಮಾತು ಇನ್ನೂ ಕಟುವಾದದ್ದು. ಅಮರೇಶ್ವರದ ಕಡೆಯಿಂದ ಬಂದ ಆಯ್ದಕ್ಕಿ ಮಾರಯ್ಯನವರು ಕಲ್ಯಾಣದ ಅಂಗಳಗಳಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಮನೆಗೆ ಬಂದಿತು. ಧರ್ಮಪತ್ನಿ ಲಕ್ಕಮ್ಮನವರು ಸಂತೋಷಪಡಲಿಲ್ಲ. ಈ ಹೆಚ್ಚಿನ ಅಕ್ಕಿ ಯಾರ ಮನಸ್ಸಿನಿಂದ ಬಂದದ್ದೆಂದು ಪ್ರಶ್ನಿಸಿ, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರೆಂದು ಗಂಡನನ್ನು ಹಿಂದಕ್ಕೆ ಕಳುಹಿಸಿದರು. ಆ ಅಕ್ಕಿ ಕಳವಿನದಲ್ಲ, ಲಂಚದ್ದೂ ಅಲ್ಲ. ದುಡಿಮೆಗೆ ಮೀರಿ ಬಂದದ್ದು, ಅಷ್ಟೆ. ಅಷ್ಟಕ್ಕೇ ಅದು ಮನೆಗೆ ಸಲ್ಲದೆಂದು ಅವರು ನಿರ್ಣಯಿಸಿದರು. ಬಡತನದಲ್ಲಿದ್ದ ಮನೆಯೊಂದು ಈ ತೀರ್ಮಾನವನ್ನು ಕೈಗೊಂಡಿತೆಂಬುದನ್ನು ಮರೆಯುವಂತಿಲ್ಲ.

ಶಿರಾಳಕೊಪ್ಪದ ಸೀಮೆಯ ಸತ್ಯಕ್ಕನವರು ತಮ್ಮ ವ್ರತವನ್ನು ಹೇಳುವಾಗ ಲಂಚಕ್ಕೆ ಕೈಯೊಡ್ಡುವುದಿಲ್ಲವೆಂದೂ ದಾರಿಯಲ್ಲಿ ಬಿದ್ದ ಹೊನ್ನು ವಸ್ತ್ರಗಳನ್ನು ಮುಟ್ಟುವುದಿಲ್ಲವೆಂದೂ ಸಾರಿದ್ದಾರೆ. ಎಂಟುನೂರು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ತನ್ನ ಭಕ್ತಿಯ ವ್ರತದಲ್ಲಿ ಲಂಚವೆಂಬ ಶಬ್ದವನ್ನು ಹೆಸರಿಸಿ ನಿರಾಕರಿಸಿದ್ದು ಸಾಮಾನ್ಯ ಸಂಗತಿಯಲ್ಲ. ನುಲಿಯ ಚಂದಯ್ಯನವರಂತೂ ಗುರುವಾಗಲಿ ಜಂಗಮನಾಗಲಿ ಕಾಯಕದಿಂದ ಬಿಡುಗಡೆ ಪಡೆಯಲಾರರೆಂದು ವಾದಿಸಿದರು. ಹೀಗೆ ಶರಣರು ನಾಲ್ಕು ಅಳತೆಗಳನ್ನು ಬಿಟ್ಟುಹೋದರು: ಕೇಳಿದಾಗ ಲೆಕ್ಕ ಒಪ್ಪಿಸುವುದು, ದುಡಿಮೆಗೆ ಮೀರಿದ್ದನ್ನು ಹಿಂದಿರುಗಿಸುವುದು, ಲಂಚಕ್ಕೂ ಬಿದ್ದ ಹೊನ್ನಿಗೂ ಒಂದೇ ರೀತಿ ಕೈಹಿಂದೆಗೆಯುವುದು, ಪೀಠದಲ್ಲಿದ್ದವನೂ ದುಡಿಯುವುದು. ಇವೆಲ್ಲವನ್ನೂ ಒಂದುಗೂಡಿಸುವ ದಾರ ನಡೆ ನುಡಿಗಳ ಏಕತೆ.

ನಿಜಾಮರ ಸೀಮೆಯ ಕನ್ನಡ

ಪಟ್ಟದ್ದೇವರು ಕೆಲಸಕ್ಕಿಳಿದ ಕಾಲದ ಬೀದರ ಜಿಲ್ಲೆ ಹೈದರಾಬಾದ್ ಸಂಸ್ಥಾನದ ಭಾಗವಾಗಿತ್ತು. 1880ರ ದಶಕದಲ್ಲಿ ಆ ಸಂಸ್ಥಾನದ ಆಡಳಿತ ಭಾಷೆಯಾಗಿ ಪಾರಸಿಯ ಸ್ಥಾನಕ್ಕೆ ಉರ್ದು ಬಂದಿತು. 1911ರಿಂದ ಆಳಿದ ಮೀರ್ ಉಸ್ಮಾನ್ ಅಲಿ ಖಾನರ ಕಾಲದಲ್ಲಿ, 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉಚ್ಚ ಶಿಕ್ಷಣವನ್ನು ಇಂಗ್ಲಿಷಿನ ಬದಲು ದೇಶಭಾಷೆಯೊಂದರಲ್ಲಿ ಕೊಡಲು ಮುಂದಾದದ್ದು ಅಂದಿನ ಭಾರತದಲ್ಲಿ ದಿಟ್ಟ ಹೆಜ್ಜೆಯೇ ಸರಿ. ಆದರೆ ಆ ದೇಶಭಾಷೆ ಸಂಸ್ಥಾನದ ಬಹುಸಂಖ್ಯಾತ ಪ್ರಜೆಗಳಾದ ತೆಲುಗರ, ಮರಾಠಿಗರ, ಕನ್ನಡಿಗರ ಮನೆಮಾತಾಗಿರಲಿಲ್ಲ. ಕಚೇರಿಗೆ ಹೋದವನಿಗೆ ಉರ್ದು ಬೇಕು, ಪೇಟೆಯ ವ್ಯವಹಾರಕ್ಕೆ ಮರಾಠಿ ಬೇಕು. ಕನ್ನಡ ಅಡುಗೆಮನೆಯಲ್ಲಿಯೂ ಹೊಲದ ಬದುವಿನ ಮೇಲೂ ಉಳಿದುಕೊಂಡಿತು. ಓದುಬರಹದ ಗೌರವ ತಾಯ್ನುಡಿಗೆ ದೊರೆಯದಾಯಿತು.

ಖಾಸಗಿ ಶಾಲೆಗಳನ್ನು ತೆರೆಯಬೇಕಾದರೆ ಸರಕಾರದ ಅಪ್ಪಣೆ ಬೇಕಾಗಿತ್ತು. ಸಾರ್ವಜನಿಕ ಸಭೆಗಳ ಮೇಲೆಯೂ ನಿರ್ಬಂಧವಿತ್ತು. ಇಂಥ ಸನ್ನಿವೇಶದಲ್ಲಿಯೂ ಸೀಮೆಯ ಕೆಲವೆಡೆ ದೀಪಗಳು ಹತ್ತಿದವು. ಕಲಬುರಗಿಯಲ್ಲಿ 1907ರಲ್ಲಿಯೇ ನೂತನ ವಿದ್ಯಾಲಯ ಹುಟ್ಟಿತು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆಯನ್ನು ನಡೆಸಿದರು. ಕಲಬುರಗಿಯ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪನವರು 1934ರಲ್ಲಿ ಹೆಣ್ಣುಮಕ್ಕಳ ಶಾಲೆಯಿಂದ ತಮ್ಮ ಶಿಕ್ಷಣಕಾರ್ಯವನ್ನು ಆರಂಭಿಸಿದರು. ಸಂಸ್ಥಾನದ ಕನ್ನಡ ಸೀಮೆಯ ಉತ್ತರದ ಮೂಲೆಯಲ್ಲಿ, ಮರಾಠವಾಡದ ಹೊಸ್ತಿಲಲ್ಲಿ, ಈ ಕೆಲಸದ ಭಾರ ಭಾಲ್ಕಿಯ ಹಿರೇಮಠದ ಮೇಲೆ ಬಿದ್ದಿತು.

ಶಿವಯೋಗ ಮಂದಿರದಿಂದ ಭಾಲ್ಕಿಗೆ

ಪಟ್ಟದ್ದೇವರ ಮನಸ್ಸು ರೂಪುಗೊಂಡದ್ದು ಮಲಪ್ರಭಾ ನದಿಯ ದಂಡೆಯ ಶಿವಯೋಗ ಮಂದಿರದಲ್ಲಿ. 1904ರಲ್ಲಿ ವೀರಶೈವ ಮಹಾಸಭೆಯ ಉದಯಕ್ಕೆ ಕಾರಣರಾದ ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಬಾದಾಮಿಯ ಸಮೀಪದಲ್ಲಿ ಆ ಸಂಸ್ಥೆಯನ್ನು ನೆಲೆಗೊಳಿಸಿದರು. ನಾಡಿನ ಮಠಗಳಿಗೆ ಬರುವ ಸ್ವಾಮಿಗಳು ಪಟ್ಟವೇರುವ ಮೊದಲು ವಿದ್ಯೆಯನ್ನೂ ಯೋಗವನ್ನೂ ಸಮಾಜದ ಕಷ್ಟಸುಖಗಳ ಅರಿವನ್ನೂ ಪಡೆದಿರಬೇಕೆಂಬುದು ಶಿವಯೋಗಿಗಳ ಸಂಕಲ್ಪ. ಅಲ್ಲಿಯ ವಟುಸಾಧಕರು ಸಂಸ್ಕೃತ ಕನ್ನಡಗಳನ್ನು ಕಲಿಯುವುದರೊಂದಿಗೆ ಗೋಸೇವೆ, ವಿಭೂತಿ ತಯಾರಿಕೆಯಂಥ ಮೈಮುರಿವ ಕೆಲಸಗಳನ್ನೂ ಮಾಡಬೇಕಾಗಿತ್ತು. ಪೂಜೆ ಮಾಡಿಸಿಕೊಳ್ಳುವವನು ಮೊದಲು ಸೆಗಣಿ ಎತ್ತಲು ಕಲಿಯಬೇಕೆಂಬ ಈ ಶಿಕ್ಷಣಕ್ರಮ ನುಲಿಯ ಚಂದಯ್ಯನವರ ವಾದದ ಮುಂದುವರಿಕೆಯೇ ಆಗಿದೆ.

ಈ ಗರಡಿಯಲ್ಲಿ ಪಳಗಿ ಬಂದ ಸಾಧಕರು 1920ರ ದಶಕದಲ್ಲಿ ಭಾಲ್ಕಿ ಹಿರೇಮಠದ ಹೊಣೆ ಹೊತ್ತರು. ಮಠವೆಂದರೆ ಭಕ್ತರು ಬಂದು ಪಾದಮುಟ್ಟಿ ಹೋಗುವ ತಾಣವೆಂದು ಅವರು ತಿಳಿಯಲಿಲ್ಲ. ಮಠವೇ ಭಕ್ತರ ಮನೆಬಾಗಿಲಿಗೆ ಹೋಗಬೇಕೆಂದು ತಿಳಿದರು. ಭಾಲ್ಕಿ, ಔರಾದ ಸೀಮೆಯ ಹಳ್ಳಿಗಳಲ್ಲಿ ಅವರು ಕಂಡದ್ದು ಅಕ್ಷರವಿಲ್ಲದ ಮಕ್ಕಳನ್ನು. ತಮ್ಮ ಮನೆಯಲ್ಲಿ ವಚನದ ಕಟ್ಟು ಇದ್ದರೂ ಅದನ್ನು ಬಿಚ್ಚಿ ಓದಲಾರದ ಭಕ್ತ ಕುಲವೊಂದು ಅವರ ಎದುರಿಗಿತ್ತು. ಲಿಪಿ ಬಾರದವನಿಗೆ ಶರಣರ ಮಾತು ಪೂಜೆಯ ವಸ್ತುವಾಗುತ್ತದೆ, ಬಾಳಿನ ದಾರಿಯಾಗುವುದಿಲ್ಲ. ಕನ್ನಡದ ಅಕ್ಷರ ಕಲಿಸುವುದು ಅವರ ಪಾಲಿಗೆ ಧರ್ಮಪ್ರಸಾರದ ಮೊದಲ ಮೆಟ್ಟಿಲಾದದ್ದು ಈ ಕಾರಣದಿಂದ.

1930ರ ದಶಕದಲ್ಲಿ ಹುಟ್ಟೂರಾದ ಕಮಲನಗರದಲ್ಲಿ ಅವರು ಶಾಲೆಯನ್ನು ಆರಂಭಿಸಿದರು. ಶಾಂತಿವರ್ಧಕ ಎಂಬ ಹೆಸರಿನಲ್ಲಿ ಬೆಳೆದ ಈ ಕಾರ್ಯ ಮುಂದೆ ಭಾಲ್ಕಿಯನ್ನು ಕೇಂದ್ರವಾಗಿಸಿಕೊಂಡು ಪ್ರಾಥಮಿಕ ಶಾಲೆಯಿಂದ ಕಾಲೇಜಿನವರೆಗೆ ಕವಲೊಡೆಯಿತು. ಹಳ್ಳಿಗಳಿಂದ ಬಂದ ಬಡ ಮಕ್ಕಳಿಗೆ ಪ್ರಸಾದ ನಿಲಯಗಳು ತೆರೆದವು. ಅಸ್ಪೃಶ್ಯರೆಂದು ಊರ ಹೊರಗೆ ಇಟ್ಟಿದ್ದ ಮನೆಗಳ ಮಕ್ಕಳಿಗೂ ಮಠದ ಆಸರೆ ದೊರೆಯಿತು. ಇಂದು ಇದು ಸಹಜವಾಗಿ ಕಾಣಬಹುದು. ಅಂದಿನ ಹಳ್ಳಿಯ ಬಾವಿ, ದೇವಾಲಯ, ಊಟದ ಪಂಕ್ತಿಗಳ ಕಟ್ಟುಕಟ್ಟಳೆಗಳನ್ನು ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ. ಹೊರಗಿನ ಸರಕಾರವನ್ನು ಎದುರಿಸುವುದಕ್ಕಿಂತ ಒಳಗಿನ ಭಕ್ತರ ಅಸಮಾಧಾನವನ್ನು ಎದುರಿಸುವುದು ಮಠಾಧಿಪತಿಗೆ ಎಷ್ಟೋ ಸಲ ಕಠಿಣ.

ಫಲಕದ ಪ್ರಶ್ನೆ

ಬೀದರ ಸೀಮೆಯ ಜನ ಇಂದಿಗೂ ಅಭಿಮಾನದಿಂದ ಹೇಳುವ ಸಂಗತಿಯೊಂದಿದೆ. ಪಟ್ಟದ್ದೇವರ ಶಾಲೆಯ ಹೊರಗೆ ಉರ್ದು ಫಲಕ. ಒಳಗೆ ಕನ್ನಡದ ಪಾಠ. ಅಧಿಕಾರಿಗಳ ಕಣ್ಣು ತಪ್ಪಿಸಿ ಒಂದು ತಲೆಮಾರಿಗೆ ಕನ್ನಡ ಕಲಿಸಿದ ಈ ಉಪಾಯವನ್ನು ಭಾಷಣಗಳಲ್ಲಿ ಕೊಂಡಾಡುವುದು ವಾಡಿಕೆ. ಆದರೆ ವಚನಗಳನ್ನು ಬಲ್ಲವರು ಇಲ್ಲಿ ಒಂದು ಕ್ಷಣ ನಿಲ್ಲಬೇಕಾಗುತ್ತದೆ. ನಡೆ ನುಡಿ ಒಂದಾಗಿರಬೇಕೆಂದು ಬೋಧಿಸುವ ಪರಂಪರೆಯ ಗುರುವೊಬ್ಬರು ಹೊರಗೊಂದು ಒಳಗೊಂದು ಇಟ್ಟದ್ದು ಹೇಗೆ ಸರಿ? ಇದನ್ನು ಚಾತುರ್ಯವೆಂದು ನಕ್ಕು ಬಿಟ್ಟರೆ ಪಟ್ಟದ್ದೇವರಿಗೂ ನ್ಯಾಯವಾಗುವುದಿಲ್ಲ, ಶರಣರಿಗೂ ನ್ಯಾಯವಾಗುವುದಿಲ್ಲ. ಪ್ರಾಮಾಣಿಕತೆಯ ವಿಚಾರದಲ್ಲಿ ಇದಕ್ಕಿಂತ ದೊಡ್ಡ ಪರೀಕ್ಷೆ ಅವರ ಬಾಳಿನಲ್ಲಿ ಇನ್ನೊಂದಿಲ್ಲ.

ಮೊದಲು ನೋಡಬೇಕಾದದ್ದು, ಮರೆಮಾಚಿದ್ದರಿಂದ ಯಾರಿಗೆ ಲಾಭವಾಯಿತೆಂಬುದು. ಶಾಲೆಗೆ ಮಗುವನ್ನು ಕಳುಹಿಸಿದ ತಂದೆತಾಯಿಗಳಿಗೆ ಒಳಗೆ ಏನು ನಡೆಯುತ್ತಿದೆಯೆಂಬುದು ತಿಳಿದಿತ್ತು. ಜೋಳಿಗೆಗೆ ಕಾಳು ಹಾಕಿದವನಿಗೆ ತನ್ನ ಕಾಳು ಎಲ್ಲಿಗೆ ಹೋಗುತ್ತದೆಂಬುದು ತಿಳಿದಿತ್ತು. ಮಗುವಿಗಂತೂ ತನ್ನ ತಾಯ ಮಾತೇ ಹಲಗೆಯ ಮೇಲೆ ಮೂಡುತ್ತಿತ್ತು. ಸೇವೆ ಯಾರಿಗೆ ಸಲ್ಲಬೇಕೋ ಅವರಲ್ಲಿ ಯಾರಿಗೂ ವಂಚನೆಯಾಗಲಿಲ್ಲ. ಫಲಕದ ಹಿಂದೆ ನಿಂತವರಿಗೆ ಅದರಿಂದ ಹೊನ್ನಾಗಲಿ ಪದವಿಯಾಗಲಿ ಬರಲಿಲ್ಲ.

ಎರಡನೆಯದು, ಅಪಾಯವನ್ನು ಹೊತ್ತವರು ಯಾರೆಂಬುದು. ಗುಟ್ಟು ಬಯಲಾದರೆ ದಂಡ ತೆರಬೇಕಾದವರು ಶಾಲೆ ತೆರೆದ ಸ್ವಾಮಿಗಳು, ಪಾಠ ಹೇಳಿದ ಶಿಕ್ಷಕರು. ಸಾಮಾನ್ಯ ವಂಚಕ ಲಾಭವನ್ನು ತಾನಿಟ್ಟುಕೊಂಡು ಅಪಾಯವನ್ನು ಇತರರಿಗೆ ಬಿಡುತ್ತಾನೆ. ಇಲ್ಲಿ ಲಾಭ ಇತರರಿಗೆ, ಅಪಾಯ ತಮಗೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು: ಮರೆಯ ಅಗತ್ಯ ಮುಗಿದ ದಿನ ಅದನ್ನು ಕಿತ್ತುಹಾಕಲು ಮನಸ್ಸು ಸಿದ್ಧವಿದೆಯೇ ಎಂಬುದು. ಸ್ವಾರ್ಥಕ್ಕಾಗಿ ಕಟ್ಟಿದ ಮರೆ ಕಾಲ ಬದಲಾದರೂ ಉಳಿಯುತ್ತದೆ; ಹೊಸ ನೆಪ ಹುಡುಕಿಕೊಳ್ಳುತ್ತದೆ. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಶರಣಾಗತಿಯಲ್ಲಿ ಕೊನೆಗೊಂಡ ಮೇಲೆ ಈ ಶಾಲೆಗಳಿಗೆ ಬಚ್ಚಿಡಲು ಏನೂ ಉಳಿಯಲಿಲ್ಲ. ಒಳಗಿದ್ದ ಕನ್ನಡವೇ ಹೊರಗೂ ಬಂದಿತು. ಆ ಫಲಕ ಸುಳ್ಳನ್ನು ಕಾಯಲು ತೂಗುಹಾಕಿದ್ದಾಗಿರಲಿಲ್ಲ. ಬಿರುಗಾಳಿಯಲ್ಲಿ ಹಣತೆಗೆ ಅಡ್ಡ ಹಿಡಿದ ಅಂಗೈಯಂತೆ ಇದ್ದಿತು.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತೊಂದನ್ನು ಸೇರಿಸಬೇಕು. ಒಳ್ಳೆಯ ಉದ್ದೇಶವಿದ್ದರೆ ಯಾವ ಮರೆಯೂ ಸಲ್ಲುತ್ತದೆಂಬ ಪಾಠವನ್ನು ಈ ಸಂಗತಿಯಿಂದ ತೆಗೆಯುವುದು ಅಪಾಯಕರ. ಸಾರ್ವಜನಿಕ ಹಣದ ಎರಡು ಲೆಕ್ಕ ಇಡುವವನೂ ತನ್ನ ಉದ್ದೇಶ ಒಳ್ಳೆಯದೆಂದೇ ಹೇಳುತ್ತಾನೆ. ಬಲವಂತನ ಕಣ್ಣಿಗೆ ಮರೆಮಾಡಿ ದುರ್ಬಲನಿಗೆ ಕೊಡುವುದು ಬೇರೆ, ದುರ್ಬಲನ ಕಣ್ಣಿಗೆ ಮರೆಮಾಡಿ ತಾನು ತೆಗೆದುಕೊಳ್ಳುವುದು ಬೇರೆ. ಮೇಲೆ ಹೇಳಿದ ಮೂರು ಪರೀಕ್ಷೆಗಳಲ್ಲಿ ಒಂದರಲ್ಲಿ ಸೋತರೂ ಪಟ್ಟದ್ದೇವರ ಹೆಸರನ್ನು ಎತ್ತುವ ಅಧಿಕಾರ ಯಾರಿಗೂ ಉಳಿಯುವುದಿಲ್ಲ. ಉರ್ದುವಿನ ಮೇಲೆ ದ್ವೇಷ ಬೆಳೆಸಲು ಈ ಸಂಗತಿಯನ್ನು ಬಳಸುವುದೂ ಸಲ್ಲದು. ಮಗುವಿನ ನಾಲಗೆಯ ಮೇಲೆ ಹೇರಿದ ಬಲಾತ್ಕಾರವನ್ನು ಅವರು ಒಪ್ಪಲಿಲ್ಲ. ನೆರೆಮನೆಯವನ ಭಾಷೆಯನ್ನು ಹಳಿಯುವುದು ಆ ಶಾಲೆಯ ಪಾಠವಾಗಿರಲಿಲ್ಲ.

ಜೋಳಿಗೆಯ ಶಾಸ್ತ್ರ

ಶಾಲೆ ನಡೆಸಲು ಹಣ ಬೇಕು. ಹಣಕ್ಕೆ ಸಿರಿವಂತನ ಬಾಗಿಲು ಹತ್ತಿರದ ದಾರಿ, ಅರಸನ ಬಾಗಿಲು ಇನ್ನೂ ಹತ್ತಿರದ ದಾರಿ. ಪಟ್ಟದ್ದೇವರು ಹಿಡಿದದ್ದು ಜೋಳಿಗೆಯ ದೀರ್ಘ ದಾರಿ. ಹಳ್ಳಿಹಳ್ಳಿ ಸುತ್ತಿ, ಸುಗ್ಗಿಯ ಕಣಗಳಲ್ಲಿ ನಿಂತು, ಮನೆಮನೆಯ ಮುಂದೆ ಜೋಳಿಗೆ ಒಡ್ಡಿ ಸಂಗ್ರಹಿಸಿದ ಕಾಳುಕಡಿಯಿಂದಲೂ ಪುಡಿಗಾಸಿನಿಂದಲೂ ಶಾಲೆ, ಪ್ರಸಾದ ನಿಲಯಗಳು ನಡೆದವು. ಮಠದ ಸ್ವಾಮಿಗಳು ಭಿಕ್ಷೆಗೆ ಹೋಗುವುದು ಹಳೆಯ ಪದ್ಧತಿಯೇ. ಆ ಭಿಕ್ಷೆಯನ್ನು ಅಕ್ಷರದ ಕಡೆಗೆ ತಿರುಗಿಸಿದ್ದು ಹೊಸದು.

ಜೋಳಿಗೆಗೆ ಕೆಲವು ಗುಣಗಳಿವೆ. ಒಬ್ಬನೇ ದೊಡ್ಡ ದಾನಿಯ ಹಣದಿಂದ ನಡೆಯುವ ಸಂಸ್ಥೆ ಆ ದಾನಿಯ ಮರ್ಜಿಯಲ್ಲಿರುತ್ತದೆ. ಸಾವಿರ ಮನೆಗಳ ಹಿಡಿಕಾಳಿನಿಂದ ನಡೆಯುವ ಸಂಸ್ಥೆ ಯಾರೊಬ್ಬರ ಮರ್ಜಿಗೂ ಬಾಗಬೇಕಾಗಿಲ್ಲ. ಹಿಡಿಕಾಳು ಕೊಟ್ಟ ರೈತನಿಗೆ ಶಾಲೆ ತನ್ನದೆನಿಸುತ್ತದೆ. ಮಗನನ್ನು ಅಲ್ಲಿಗೆ ಕಳುಹಿಸಲು ಅವನು ಹಿಂಜರಿಯುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಪ್ರತಿವರ್ಷ ಅದೇ ಹೊಸ್ತಿಲಿಗೆ ಮತ್ತೆ ಹೋಗಬೇಕಾದವನು ಹೋದ ವರ್ಷದ ಕಾಳು ಏನಾಯಿತೆಂಬುದಕ್ಕೆ ಉತ್ತರ ಸಿದ್ಧಪಡಿಸಿಕೊಂಡೇ ಹೋಗಬೇಕು. ಜೋಳಿಗೆ ಕೇವಲ ಬೇಡುವ ಸಾಧನವಲ್ಲ, ಲೆಕ್ಕ ಒಪ್ಪಿಸುವ ಸಾಧನವೂ ಹೌದು. ಬಸವಣ್ಣನವರು ಒಬ್ಬ ಅರಸನಿಗೆ ಭಂಡಾರ ತೆರೆದು ತೋರಿಸಿದರೆ, ಜೋಳಿಗೆ ಹೊತ್ತವನು ಪ್ರತಿ ಮನೆಯ ಮುಂದೆಯೂ ಭಂಡಾರ ತೆರೆದು ತೋರಿಸಬೇಕಾಗುತ್ತದೆ.

ಕಾಯಕ ಮತ್ತು ದಾಸೋಹಗಳ ಸಂಬಂಧವನ್ನು ಇಲ್ಲಿ ಸ್ಪಷ್ಟವಾಗಿ ಕಾಣಬಹುದು. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ಶಾಲೆ ಕಟ್ಟಿದವನು ಮಕ್ಕಳಿಗೆ ಉಪಕಾರ ಮಾಡಿದೆನೆಂದು ತಿಳಿದ ದಿನ ದಾಸೋಹ ದಾನವಾಗಿ ಇಳಿಯುತ್ತದೆ; ದಾನದಿಂದ ಕೀರ್ತಿಗೆ, ಕೀರ್ತಿಯಿಂದ ಅಧಿಕಾರಕ್ಕೆ ಇಳಿಯುವ ಮೆಟ್ಟಿಲುಗಳು ಅಲ್ಲಿಂದ ತುಂಬ ಹತ್ತಿರ.

ಅನುಕೂಲ ಕಾಲದ ಪರೀಕ್ಷೆ

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಹಳೆಯ ಬೀದರ ಜಿಲ್ಲೆ ಮೂರು ಭಾಗವಾಯಿತು. ಬೀದರ, ಭಾಲ್ಕಿ, ಹುಮನಾಬಾದ, ಔರಾದ ತಾಲ್ಲೂಕುಗಳು ಅಂದಿನ ಮೈಸೂರು ರಾಜ್ಯವನ್ನು ಸೇರಿದವು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ, ಜಹೀರಾಬಾದ, ನಾರಾಯಣಖೇಡಗಳು ಆಂಧ್ರಪ್ರದೇಶಕ್ಕೆ ಹೋದವು. ಹೊಸ ಗಡಿರೇಖೆ ಕಮಲನಗರದ ಪಕ್ಕದಲ್ಲಿಯೇ ಹಾದುಹೋಯಿತು. ಈ ತಾಲ್ಲೂಕುಗಳು ಕನ್ನಡ ನಾಡಿಗೆ ಬಂದ ಸಂದರ್ಭದಲ್ಲಿ, ಅಲ್ಲಿ ಕನ್ನಡ ಓದಬಲ್ಲ ತಲೆಮಾರೊಂದು ಆಗಲೇ ಸಿದ್ಧವಾಗಿದ್ದುದರಲ್ಲಿ ಹಿಂದಿನ ಎರಡು ದಶಕಗಳ ಆ ಗುಟ್ಟಿನ ಪಾಠಗಳ ಪಾಲು ಸಣ್ಣದಲ್ಲ.

ಪ್ರತಿಕೂಲ ಕಾಲ ಸೇವಕನ ಧೈರ್ಯವನ್ನು ಪರೀಕ್ಷಿಸಿದರೆ, ಅನುಕೂಲ ಕಾಲ ಅವನ ಶುದ್ಧಿಯನ್ನು ಪರೀಕ್ಷಿಸುತ್ತದೆ. ಸರಕಾರ ತಮ್ಮದಾಯಿತು, ಶಾಲೆಗಳಿಗೆ ಅನುದಾನ ಬಂದಿತು, ಒಂದು ಕಾಲದಲ್ಲಿ ಅಪಾಯವಾಗಿದ್ದ ಕೆಲಸ ಈಗ ಗೌರವ ತರತೊಡಗಿತು. ಇಂಥ ಹೊತ್ತಿನಲ್ಲಿಯೇ ಅನೇಕ ಹೋರಾಟಗಾರರು ದಾರಿ ತಪ್ಪಿದ ನಿದರ್ಶನ ದೇಶದ ಎಲ್ಲ ಕಡೆ ದೊರೆಯುತ್ತವೆ. ಪಟ್ಟದ್ದೇವರು ಈ ಕಾಲದಲ್ಲಿ ತಮ್ಮ ಮಠವನ್ನು ಅರಮನೆಯಾಗಿಸುವತ್ತ ತಿರುಗಲಿಲ್ಲ. ಕಲ್ಯಾಣದ ಕಡೆಗೆ ತಿರುಗಿದರು. ಶರಣರ ಸ್ಮೃತಿ ಮಸುಕಾಗಿದ್ದ ಆ ಪಟ್ಟಣದಲ್ಲಿ ಅವರ ಪ್ರಯತ್ನದಿಂದ ಅನುಭವ ಮಂಟಪದ ಕಟ್ಟಡ ಮೇಲೆದ್ದಿತು. ಜಾತಿಯ ಗೆರೆಯಿಲ್ಲದೆ ಹೆಣ್ಣು ಗಂಡುಗಳು ಕೂಡಿ ಕುಳಿತು ಚರ್ಚಿಸಿದ ಸಭೆಯ ನೆನಪಿಗೆ ಅದರದೇ ನೆಲದಲ್ಲಿ ಒಂದು ಸೂರು ಬೇಕೆಂಬುದು ಅವರ ಹಂಬಲವಾಗಿತ್ತು. ಆ ಬೀಜದ ವಿಸ್ತಾರವೆಂಬಂತೆ, 2021ರ ಜನವರಿ 6ರಂದು ಅಂದಿನ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರು ಬಸವಕಲ್ಯಾಣದಲ್ಲಿ ಸರಕಾರದ ವತಿಯಿಂದ ಹೊಸ ಅನುಭವ ಮಂಟಪಕ್ಕೆ ಶಂಕುಸ್ಥಾಪನೆ ಮಾಡಿದರು. 2024ರ ಜನವರಿಯಲ್ಲಿ ರಾಜ್ಯ ಸರಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು.

ಗೃಹಸ್ಥರಿಗೆ ಸಲ್ಲುವ ಮಾತು

ಇಲ್ಲಿ ಸಹಜವಾಗಿ ಒಂದು ಆಕ್ಷೇಪ ಏಳುತ್ತದೆ. ವಿರಕ್ತನಿಗೆ ಹೆಂಡತಿ ಮಕ್ಕಳಿಲ್ಲ, ನಾಳೆಯ ಚಿಂತೆಯಿಲ್ಲ. ಅವನು ಶುದ್ಧನಾಗಿ ಉಳಿದದ್ದರಲ್ಲಿ ಏನು ಹೆಚ್ಚಳ? ಸಂಸಾರ ಹೊತ್ತ ಗುಮಾಸ್ತನಿಗೆ, ಶಿಕ್ಷಕನಿಗೆ, ತಲಾಠಿಗೆ ಆ ಆದರ್ಶ ಹೇಗೆ ಸಲ್ಲೀತು? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಶರಣ ಪರಂಪರೆಯೇ ಇದಕ್ಕೆ ಉತ್ತರ ಕೊಡುತ್ತದೆ. ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದವರು ವಿರಕ್ತರಲ್ಲ, ಒಲೆ ಹಚ್ಚಬೇಕಾಗಿದ್ದ ಗೃಹಿಣಿ. ಭಂಡಾರದ ಲೆಕ್ಕ ತೋರಿಸಿದವರೂ ಸಂಸಾರಿಗಳೇ.

ನಮ್ಮ ನಾಡಿನ ಇತ್ತೀಚಿನ ಚರಿತ್ರೆಯೂ ಅದನ್ನೇ ಹೇಳುತ್ತದೆ. ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಂಡಾಗ ತಮ್ಮ ಆಸ್ತಿಯನ್ನು ಬಡ ವಿದ್ಯಾರ್ಥಿಗಳ ವಿದ್ಯಾಭ್ಯಾಸಕ್ಕೆ ಮೃತ್ಯುಪತ್ರದ ಮೂಲಕ ಬಿಟ್ಟುಹೋಗಿದ್ದರು. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಹುಟ್ಟುಹಾಕಿದ ಏಳು ಜನ ಶಿಕ್ಷಕರು ಸಿರಿವಂತರಾಗಿರಲಿಲ್ಲ. ಬಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿ, 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿ, ಮುದ್ರಣಾಲಯಕ್ಕಾಗಿ ತಮ್ಮ ಮನೆಯನ್ನು ಮಾರಿ, 1964ರಲ್ಲಿ ತೀರಿಕೊಳ್ಳುವವರೆಗೆ ಬಾಡಿಗೆ ಮನೆಯ ಬಡತನವನ್ನು ಸಹಿಸಿದರು. ಶೈಕ್ಷಣಿಕ ಸಂಸ್ಥೆ, ಸಹಕಾರಿ ಬ್ಯಾಂಕುಗಳನ್ನು ಕಟ್ಟಿದ ಕೈ ಅವರದು. ಆ ಕೈ ತನಗಾಗಿ ಏನನ್ನೂ ಉಳಿಸಿಕೊಳ್ಳಲಿಲ್ಲ. ದೇಸಾಯಿ, ಶಿಕ್ಷಕ, ವಕೀಲ, ಸ್ವಾಮಿ ಎಂಬ ಈ ನಾಲ್ಕು ಬಗೆಯ ಬಾಳುಗಳು ಬೇರೆ ಬೇರೆ. ತಮ್ಮ ಕೈಗೆ ಬಂದದ್ದು ತಮ್ಮದಲ್ಲ, ತಮ್ಮ ಮೂಲಕ ಹಾದುಹೋಗಬೇಕಾದದ್ದು ಎಂಬ ನಂಬಿಕೆಯೊಂದೇ ಅವನ್ನು ಕೂಡಿಸುತ್ತದೆ.

ಎರಡನೆಯ ಆಕ್ಷೇಪ ಇನ್ನೂ ತೀಕ್ಷ್ಣವಾದದ್ದು. ಸಂಸ್ಥೆ ಕಟ್ಟಿದವರು ಶುದ್ಧರಾಗಿದ್ದರೂ ಸಂಸ್ಥೆ ಶುದ್ಧವಾಗಿಯೇ ಉಳಿಯುತ್ತದೆಂಬ ಭರವಸೆ ಎಲ್ಲಿದೆ? ಜೋಳಿಗೆಯಿಂದ ಹುಟ್ಟಿದ ಶಾಲೆ ಬೆಳೆದು ದೊಡ್ಡದಾದಾಗ, ಬಾಗಿಲಿಗೆ ಬಂದ ಬಡವನ ಮಗುವಿಗೆ ಶುಲ್ಕದ ಪಟ್ಟಿ ತೋರಿಸುವ ದಿನ ಬಂದರೆ, ಸ್ಥಾಪಕರ ಭಾವಚಿತ್ರಕ್ಕೆ ಹಾಕಿದ ಹಾರದಿಂದ ಏನು ಪ್ರಯೋಜನ? ಈ ಪ್ರಶ್ನೆ ಯಾವುದೋ ಒಂದು ಸಂಸ್ಥೆಗೆ ಸೇರಿದ್ದಲ್ಲ. ನಾಡಿನ ಎಲ್ಲ ಮಠಗಳೂ ಎಲ್ಲ ಶಿಕ್ಷಣ ಸಂಸ್ಥೆಗಳೂ ಪ್ರತಿವರ್ಷ ತಮ್ಮನ್ನು ತಾವು ಕೇಳಿಕೊಳ್ಳಬೇಕಾದದ್ದು. ಮೌಲ್ಯಗಳು ಆಸ್ತಿಯಂತೆ ವಾರಸುದಾರರಿಗೆ ತಾವಾಗಿ ಇಳಿದುಬರುವುದಿಲ್ಲ. ಪ್ರತಿ ತಲೆಮಾರೂ ಲಕ್ಕಮ್ಮನವರ ಪ್ರಶ್ನೆಯನ್ನು ಹೊಸದಾಗಿ ಕೇಳಿ, ತನ್ನ ಮನೆಯ ಅಕ್ಕಿಯನ್ನು ಹೊಸದಾಗಿ ಅಳೆದು ನೋಡಬೇಕು.

ಕಮಲನಗರ ಬಹುಕಾಲ ಔರಾದ ತಾಲ್ಲೂಕಿನ ಒಂದು ಹೋಬಳಿಯ ಊರಾಗಿಯೇ ಇತ್ತು. 2017ರಲ್ಲಿ ರಾಜ್ಯ ಸರಕಾರ ಹೊಸ ತಾಲ್ಲೂಕುಗಳನ್ನು ಘೋಷಿಸಿದಾಗ ಬೀದರ ಜಿಲ್ಲೆಯಲ್ಲಿ ಹುಲಸೂರು, ಚಿಟಗುಪ್ಪಗಳ ಜೊತೆಗೆ ಕಮಲನಗರಕ್ಕೂ ಆ ಸ್ಥಾನ ದೊರೆಯಿತು. ಪಟ್ಟದ್ದೇವರ ಬಾಲ್ಯದಲ್ಲಿ ರೈತನೊಬ್ಬ ತನ್ನ ಅರ್ಜಿಯನ್ನು ಬಾರದ ಭಾಷೆಯಲ್ಲಿ ಬರೆಸಲು ಬೇರೆಯವರ ಕೈಕಾಲು ಹಿಡಿಯಬೇಕಾಗಿತ್ತು. ಇಂದು ಅದೇ ಊರಿನಲ್ಲಿ ತಾಲ್ಲೂಕಿನ ಆಡಳಿತವಿದೆ, ಅದರ ಭಾಷೆ ಕನ್ನಡ. ಆ ಹಿರಿಯರು ಬಯಸಿದ್ದರಲ್ಲಿ ಅರ್ಧ ಕೈಗೂಡಿದೆ.

ಉಳಿದ ಅರ್ಧ ಆ ಕಚೇರಿಯ ಮೇಜಿನ ಮೇಲಿದೆ. ಅರ್ಜಿ ಕನ್ನಡದಲ್ಲಿದ್ದರೆ ಸಾಲದು. ಅದನ್ನು ತೆಗೆದುಕೊಳ್ಳುವ ಕೈ ಸತ್ಯಕ್ಕನವರ ವ್ರತವನ್ನು ಬಲ್ಲದ್ದಾಗಿರಬೇಕು. ಹಳ್ಳಿಯಿಂದ ನಡೆದು ಬಂದ ಮುದುಕಿಯೊಬ್ಬಳ ಕೆಲಸ ಆಕೆಯ ಸೆರಗಿನ ಗಂಟು ಬಿಚ್ಚಿಸದೆ ಆದ ದಿನ, ಗುಟ್ಟಾಗಿ ಕನ್ನಡ ಕಲಿಸಿದ ಆ ಶಾಲೆಯ ಶ್ರಮ ಸಾರ್ಥಕವಾಗುತ್ತದೆ. ಅಂಥ ದಿನವನ್ನು ತರುವುದು ಸರಕಾರದ ಆಜ್ಞೆಯಿಂದ ಆಗುವ ಕೆಲಸವಲ್ಲ. ಮೇಜಿನ ಈಚೆ ಕುಳಿತ ಒಬ್ಬೊಬ್ಬ ನೌಕರನೂ ತನ್ನ ಕಾಯಕವನ್ನು ಪೂಜೆಯೆಂದು ತಿಳಿದು, ಮನೆಗೆ ಹೊರಡುವ ಮುನ್ನ ತನ್ನ ಕೈಗಳನ್ನು ಒಮ್ಮೆ ನೋಡಿಕೊಳ್ಳುವುದರಿಂದ ಆಗುವ ಕೆಲಸ ಅದು.